ಒಬ್ಬ ವೈದ್ಯನ ಕೈಗುಣ ಸಾಲದು

ನಮ್ಮ ಜನರಲ್ಲಿ ವೈದ್ಯನ ಕೈಗುಣದ ಮೇಲಿರುವ ನಂಬಿಕೆ ಬಹಳ ಹಳೆಯದು. ಇಂಥವರ ಕೈಯಿಂದ ಒಂದು ಗುಳಿಗೆ ಸಿಕ್ಕರೆ ಸಾಕು, ಬೇನೆ ಇಳಿಯುತ್ತದೆ ಎಂಬ ಮಾತನ್ನು ಧಾರವಾಡ ಜಿಲ್ಲೆಯ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೂ ಕೇಳಬಹುದು. ಈ ನಂಬಿಕೆಯಲ್ಲಿ ಹುರುಳೇ ಇಲ್ಲವೆಂದು ಹೇಳಲಾಗದು. ವೈದ್ಯನಲ್ಲಿ ವಿಶ್ವಾಸವುಳ್ಳ ರೋಗಿ ಹೇಳಿದ ಪಥ್ಯವನ್ನು ಪಾಲಿಸುತ್ತಾನೆ, ಹೇಳಿದ ದಿನಕ್ಕೆ ಮರಳಿ ಬರುತ್ತಾನೆ. ಅದರಿಂದ ಗುಣವೂ ಬೇಗ ಕಾಣುತ್ತದೆ. ಆದರೆ ಇದೇ ನಂಬಿಕೆ ಒಂದು ತಪ್ಪು ತಿಳಿವಳಿಕೆಗೂ ಎಡೆಮಾಡಿಕೊಟ್ಟಿದೆ. ರೋಗವನ್ನು ಗೆಲ್ಲುವುದು ಒಬ್ಬ ಜಾಣನ ಕೆಲಸ, ಅಂಥವನೊಬ್ಬನು ಊರಿಗೆ ದೊರೆತರೆ ಎಲ್ಲವೂ ಸರಿಹೋಗುವುದು ಎಂಬುದೇ ಆ ತಿಳಿವಳಿಕೆ. ಎಳೆಯ ಮಕ್ಕಳ ಜೀರ್ಣಾಂಗಗಳ ಹಾಗೂ ಯಕೃತ್ತಿನ ಬೇನೆಗಳಲ್ಲಿ ಈ ತಿಳಿವಳಿಕೆ ಎಷ್ಟು ಅಪಾಯಕರವಾದುದೆಂಬುದನ್ನೂ, ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳಂಥ ಗ್ರಾಮಪ್ರದೇಶದಲ್ಲಿ ಅದರ ಬದಲು ಏನು ಬೇಕೆಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಅಡಿಗೆಮನೆಗೆ ಸಂಬಂಧಿಸಿದ ಒಂದು ಹಳೆಯ ಸಂಗತಿಯನ್ನು ನೋಡೋಣ. ಈಗಿನ ಅಜ್ಜ-ಅಜ್ಜಿಯರು ಮಕ್ಕಳಾಗಿದ್ದ ಕಾಲದಲ್ಲಿ ದಕ್ಷಿಣ ಮತ್ತು ಪಶ್ಚಿಮ ಭಾರತದ ಅನೇಕ ಮನೆಗಳಲ್ಲಿ ಒಂದು ಭಯಂಕರ ಬೇನೆ ಕೂಸುಗಳನ್ನು ಕೊಂಡೊಯ್ಯುತ್ತಿತ್ತು. ಆರು ತಿಂಗಳಿಂದ ಮೂರು ವರ್ಷದೊಳಗಿನ ಮಗು ಸಿಡುಕತೊಡಗುವುದು, ಹೊಟ್ಟೆ ಉಬ್ಬುವುದು, ಪಕ್ಕೆಲುಬಿನ ಕೆಳಗೆ ಯಕೃತ್ತು ಕಲ್ಲಿನಂತೆ ಗಟ್ಟಿಯಾಗಿ ಕೈಗೆ ಸಿಗುವುದು, ಕಣ್ಣು ಹಳದಿಯಾಗುವುದು. ಕೆಲವು ತಿಂಗಳುಗಳಲ್ಲಿ ಎಲ್ಲವೂ ಮುಗಿದುಹೋಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಕಲ್ಕತ್ತೆಯ ವೈದ್ಯರು ಇದನ್ನು ಗುರುತಿಸಿದ್ದರು. ಬೇರೆ ದೇಶಗಳಲ್ಲಿ ಹೆಚ್ಚಾಗಿ ಕಾಣದಿದ್ದ ಕಾರಣ ಇದಕ್ಕೆ ‘ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್’ ಎಂಬ ಹೆಸರು ಬಂದಿತು. ಸಿರೋಸಿಸ್ ಎಂದರೆ ಯಕೃತ್ತಿನ ಮೃದುವಾದ ಭಾಗವೆಲ್ಲ ನಾಶವಾಗಿ ಅಲ್ಲಿ ನಾರು ತುಂಬಿಕೊಳ್ಳುವುದು. ಹೆಸರು ಬಂದಿತಾದರೂ ಕಾರಣ ಮಾತ್ರ ತಿಳಿಯಲಿಲ್ಲ. ಅನುಭವಿಗಳಾದ ಎಷ್ಟೋ ವೈದ್ಯರು ತಮ್ಮ ಜೀವಮಾನವೆಲ್ಲ ಈ ಮಕ್ಕಳನ್ನು ನೋಡಿದರು. ಒಬ್ಬೊಬ್ಬರಾಗಿ ಯಾರಿಗೂ ಅದರ ಮರ್ಮ ಸಿಗಲಿಲ್ಲ.

ಅದು ಸಿಕ್ಕದ್ದು ಹಲವರು ಕೂಡಿದಾಗ. ಸತ್ತ ಮಕ್ಕಳ ಯಕೃತ್ತಿನ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ನೋಡುವವರು 1978ರ ಸುಮಾರಿಗೆ ಆರ್ಸೀನ್ ಎಂಬ ಬಣ್ಣವನ್ನು ಬಳಸಿ, ಜೀವಕೋಶಗಳಲ್ಲಿ ತಾಮ್ರಕ್ಕೆ ಅಂಟಿಕೊಂಡ ಪ್ರೋಟೀನಿನ ಕಣಗಳನ್ನು ಕಂಡರು. ರಸಾಯನಶಾಸ್ತ್ರಜ್ಞರು ಅಳೆದು, ತಾಮ್ರವು ಸಾಮಾನ್ಯ ಯಕೃತ್ತಿನಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಾಗಿದೆಯೆಂದರು. ಈ ತಾಮ್ರ ಎಲ್ಲಿಂದ ಬಂದಿತು? ಈ ಪ್ರಶ್ನೆಗೆ ಉತ್ತರ ಪ್ರಯೋಗಶಾಲೆಯಲ್ಲಿರಲಿಲ್ಲ, ತಾಯಂದಿರ ಬಳಿಯಲ್ಲಿತ್ತು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಮಕ್ಕಳ ವೈದ್ಯರಾದ ಶೀಲಾ ಭಾವೆ ಹಾಗೂ ಆನಂದ ಪಂಡಿತರು, ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಮೊದಲಾದವರೊಡನೆ ಸೇರಿ, ಮಗುವಿಗೆ ಯಾವ ಹಾಲನ್ನು ಎಷ್ಟನೆಯ ತಿಂಗಳಿಂದ ಕುಡಿಸಿದಿರಿ, ಯಾವ ಪಾತ್ರೆಯಲ್ಲಿ ಕಾಯಿಸಿದಿರಿ, ಯಾವುದರಲ್ಲಿ ಇಟ್ಟಿರಿ ಎಂದು ವಿಚಾರಿಸಿದರು. ಬೇನೆಗೆ ಸಿಕ್ಕಿದ ಮಕ್ಕಳಲ್ಲಿ ಹೆಚ್ಚಿನವರು ತಾಯಿಯ ಹಾಲು ಬೇಗ ತಪ್ಪಿ ಆಕಳ ಅಥವಾ ಎಮ್ಮೆಯ ಹಾಲು ಕುಡಿದವರು; ಆ ಹಾಲನ್ನು ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿ ಇಟ್ಟಿದ್ದರು. ಹಾಲಿನ ಕೇಸೀನ್ ಎಂಬ ಪ್ರೋಟೀನು ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಹೀಗೆ ದಿನದಿನವೂ ಸ್ವಲ್ಪಸ್ವಲ್ಪವಾಗಿ ವಿಷವು ಕೂಸಿನ ಹೊಟ್ಟೆ ಸೇರುತ್ತಿತ್ತು. 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಅಭಿಪ್ರಾಯ ಪ್ರಕಟವಾಯಿತು.

ಮಕ್ಕಳ ಹಾಲಿಗೆ ಹಿತ್ತಾಳೆ ಬೇಡವೆಂಬ ಎಚ್ಚರ ಹರಡಿತು. ಉಕ್ಕಿನ ಪಾತ್ರೆಗಳೂ ಮನೆಮನೆಗೆ ಬಂದವು. ಎರಡು ದಶಕಗಳೊಳಗೆ ಆ ಬೇನೆ ಕಾಣುವುದೇ ಅಪರೂಪವಾಯಿತು. ಆಸ್ಟ್ರಿಯದ ಟಿರೋಲ್ ಎಂಬ ಬೆಟ್ಟಸೀಮೆಯಲ್ಲಿಯೂ ತಾಮ್ರದ ಪಾತ್ರೆಯಲ್ಲಿ ಕಾಯಿಸಿದ ಹಾಲಿನಿಂದ 1900ರಿಂದ 1974ರವರೆಗೆ 138 ಮಕ್ಕಳು ಇಂಥದೇ ಬೇನೆಯಿಂದ ಸತ್ತಿದ್ದರೆಂದು ಆಮೇಲೆ ತಿಳಿದುಬಂದಿತು. ತಾಮ್ರವೊಂದೇ ಕಾರಣವೋ, ಅದಕ್ಕೆ ಬೇಗ ಬಲಿಯಾಗುವ ಆನುವಂಶಿಕ ಗುಣವೂ ಕೆಲವು ಮಕ್ಕಳಲ್ಲಿತ್ತೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಉಂಟು. ಅದೇನೇ ಇರಲಿ, ಹಿಂದೆ ಹಳ್ಳಿಗೆ ಬಂದು ಪಾತ್ರೆಗಳಿಗೆ ತವರ ಬಳಿಯುತ್ತಿದ್ದ ಕಲಾಯಿಗಾರನೂ ತನಗೆ ಅರಿವಿಲ್ಲದೆಯೇ ಮಕ್ಕಳ ಯಕೃತ್ತನ್ನು ಕಾಯುತ್ತಿದ್ದನೆಂದು ಈಗ ನಮಗೆ ಗೊತ್ತಾಗಿದೆ. ಬಣ್ಣ ಹಾಕಿ ನೋಡಿದವನು, ತೂಗಿ ಅಳೆದವನು, ಕೇಳಿ ಬರೆದುಕೊಂಡವಳು, ನೆನಪಿಟ್ಟು ಹೇಳಿದ ತಾಯಿ, ಇವರಲ್ಲಿ ಯಾರೊಬ್ಬರನ್ನು ಬಿಟ್ಟಿದ್ದರೂ ಕಾರಣ ಸಿಗುತ್ತಿರಲಿಲ್ಲ.

ಹಿತ್ತಾಳೆಯ ಬೇನೆ ಹೋಯಿತು. ಆದರೆ ಕೂಸುಗಳ ಯಕೃತ್ತಿಗೆ ಒದಗುವ ಬೇರೆ ವಿಪತ್ತುಗಳು ಹೋಗಿಲ್ಲ. ಅವುಗಳಲ್ಲಿ ಒಂದನ್ನು ವಿವರವಾಗಿ ನೋಡುವುದು ಅವಶ್ಯ. ಏಕೆಂದರೆ ಅದರಲ್ಲಿ ಮಗು ಬದುಕುವುದೂ ಸಾಯುವುದೂ ಬಹುಮಟ್ಟಿಗೆ ದಿನಗಳ ಲೆಕ್ಕದ ಮೇಲೆ ನಿಂತಿದೆ.

ಯಕೃತ್ತು ಪಿತ್ತರಸವನ್ನು ತಯಾರಿಸುತ್ತದೆಂಬುದನ್ನು ವಿದ್ಯಾರ್ಥಿಗಳು ಪಾಠಗಳಲ್ಲಿ ಓದಿರುತ್ತಾರೆ. ಹಳೆಯ ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಸಂಸ್ಕರಿಸಿ ಪಿತ್ತದೊಡನೆ ಸಣ್ಣ ನಾಳಗಳ ಮೂಲಕ ಕರುಳಿಗೆ ಬಿಡುತ್ತದೆ. ಮಲಕ್ಕೆ ಬಣ್ಣ ಬರುವುದು ಇದರಿಂದಲೇ. ಹುಟ್ಟಿದ ಮೊದಲ ವಾರದಲ್ಲಿ ಅನೇಕ ಕೂಸುಗಳ ಕಣ್ಣು, ಮೈ ಹಳದಿಯಾಗುವುದುಂಟು. ನಮ್ಮ ಕಡೆ ಇದನ್ನು ಕಾಮಣಿ ಎನ್ನುತ್ತಾರೆ. ಯಕೃತ್ತಿನ ಕೆಲಸ ಇನ್ನೂ ಪಳಗದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಹಳದಿ ಹೆಚ್ಚಾಗದಿದ್ದರೆ ಎರಡು ವಾರಗಳೊಳಗೆ ತಾನಾಗಿಯೇ ಇಳಿಯುತ್ತದೆ. ಆದರೆ ಕೆಲವೇ ಕೆಲವು ಕೂಸುಗಳಲ್ಲಿ ಯಕೃತ್ತಿನಿಂದ ಹೊರಡುವ ಪಿತ್ತನಾಳಗಳು ಹುಟ್ಟಿದ ಮೊದಲ ವಾರಗಳಲ್ಲಿಯೇ ಉರಿತಗೊಂಡು, ಕಲೆಗಟ್ಟಿ, ಮುಚ್ಚಿಹೋಗುತ್ತವೆ. ಇದಕ್ಕೆ ಬಿಲಿಯರಿ ಅಟ್ರೀಸಿಯ ಎಂದು ಹೆಸರು. ದಾರಿ ಕಟ್ಟಿದ ಪಿತ್ತವು ಯಕೃತ್ತಿನಲ್ಲಿಯೇ ನಿಂತು ಅದನ್ನು ಕೆಡಿಸುತ್ತದೆ. ಚಿಕಿತ್ಸೆಯಿಲ್ಲದೆ ಹೋದರೆ ಇಂಥ ಬಹುಪಾಲು ಮಕ್ಕಳು ಎರಡು ವರ್ಷ ದಾಟುವುದಿಲ್ಲ.

1955ರಲ್ಲಿ ಜಪಾನಿನ ಸೆಂಡಾಯ್ ನಗರದ ಮೊರಿಯೊ ಕಸಾಯ್ ಎಂಬ ಶಸ್ತ್ರವೈದ್ಯನು ಇದಕ್ಕೊಂದು ಉಪಾಯವನ್ನು ಕಂಡುಹಿಡಿದನು. ಮುಚ್ಚಿದ ನಾಳಗಳನ್ನು ಕತ್ತರಿಸಿ ತೆಗೆದು, ಮಗುವಿನ ಸಣ್ಣ ಕರುಳಿನದೇ ಒಂದು ತುಂಡನ್ನು ಮೇಲೆತ್ತಿ ಯಕೃತ್ತಿನ ಬಾಯಿಗೆ ಹೊಲಿದರೆ, ಅಲ್ಲಿ ಇನ್ನೂ ತೆರೆದಿರುವ ಸೂಕ್ಷ್ಮನಾಳಗಳಿಂದ ಪಿತ್ತವು ನೇರವಾಗಿ ಕರುಳಿಗೆ ಇಳಿಯಬಲ್ಲುದು. ಆದರೆ ಆ ಸೂಕ್ಷ್ಮನಾಳಗಳು ಬಹಳ ದಿನ ತೆರೆದಿರುವುದಿಲ್ಲ. ಮಗು ಹುಟ್ಟಿದ ಅರವತ್ತು ದಿನಗಳೊಳಗೆ ಈ ಶಸ್ತ್ರಕ್ರಿಯೆ ನಡೆದರೆ ಫಲದ ಆಸೆ ಹೆಚ್ಚು. ಅಲ್ಲಿಂದ ಮುಂದೆ ದಿನ ಕಳೆದಂತೆ ಅದು ಕುಗ್ಗುತ್ತ ಹೋಗುತ್ತದೆ. ಕಸಾಯ್ ಕ್ರಿಯೆ ಯಶಸ್ವಿಯಾದರೂ ಅನೇಕ ಮಕ್ಕಳಿಗೆ ಮುಂದೆ ಯಕೃತ್ತಿನ ಕಸಿ ಬೇಕಾಗುತ್ತದೆ. ನಮ್ಮ ದೇಶದಲ್ಲಿ 1998ರಲ್ಲಿ ದಿಲ್ಲಿಯಲ್ಲಿ ಇದೇ ಬೇನೆಯ ಒಂದು ಪುಟ್ಟ ಮಗುವಿಗೆ ತಂದೆಯ ಯಕೃತ್ತಿನ ಒಂದು ಭಾಗವನ್ನು ಕಸಿ ಮಾಡಲಾಯಿತು. ಆ ಮಗು ಬೆಳೆದು ಈಗ ವೈದ್ಯನಾಗಿರುವುದು ಸಂತೋಷದ ಸಂಗತಿ. ಆದರೆ ಕಸಿಯ ಕಾಲದವರೆಗೆ ಮಗುವನ್ನು ಬೆಳೆಸಿ ತರುವುದಕ್ಕೂ ಮೊದಲಿನ ಆ ಅರವತ್ತು ದಿನಗಳೇ ಆಧಾರ.

ಈಗ ನಮ್ಮ ನಾಲ್ಕು ತಾಲೂಕುಗಳಿಗೆ ಬರೋಣ. ಇಲ್ಲಿ ಸ್ವಲ್ಪ ಗಣಿತ ಮಾಡುವುದು ಅವಶ್ಯ. ಈ ಬೇನೆಯ ಪ್ರಮಾಣ ದೇಶದಿಂದ ದೇಶಕ್ಕೆ ಬೇರೆಯಾಗಿದೆ. ತೈವಾನಿನಲ್ಲಿ ಆರು ಸಾವಿರ ಕೂಸುಗಳಿಗೆ ಸುಮಾರು ಒಂದು, ಯೂರೋಪಿನಲ್ಲಿ ಹದಿನೈದು-ಇಪ್ಪತ್ತು ಸಾವಿರಕ್ಕೆ ಒಂದು. ಲೆಕ್ಕಕ್ಕಾಗಿ ಹತ್ತು ಸಾವಿರಕ್ಕೊಂದು ಎಂದು ಹಿಡಿಯೋಣ. ಸಾವಿರ ಜನರಿಗೆ ವರ್ಷಕ್ಕೆ ಹದಿನೇಳು ಹೆರಿಗೆಗಳಾಗುತ್ತವೆಂದೂ ಇಟ್ಟುಕೊಳ್ಳೋಣ. 2011ರ ಜನಗಣತಿಯಂತೆ ಧಾರವಾಡ ಜಿಲ್ಲೆಯ ಜನಸಂಖ್ಯೆ 18 ಲಕ್ಷ 47 ಸಾವಿರ. ಹಾಗಾದರೆ ಇಡೀ ಜಿಲ್ಲೆಯಲ್ಲಿ ವರ್ಷಕ್ಕೆ ಇಂಥ ಮೂರು ಕೂಸುಗಳು ಹುಟ್ಟಬಹುದು. ಮೂವತ್ತು ಸಾವಿರ ಜನರನ್ನು ನೋಡಿಕೊಳ್ಳುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನ ಪಾಲಿಗೆ ಇಪ್ಪತ್ತು ವರ್ಷಕ್ಕೊಂದು. ಸಾವಿರ ಜನರ ಹಳ್ಳಿಯ ಆಶಾ ಕಾರ್ಯಕರ್ತೆ ಮೂವತ್ತು ವರ್ಷ ದುಡಿದರೂ ಐದುನೂರು ಕೂಸುಗಳನ್ನಷ್ಟೆ ಕಂಡಾಳು. ಈ ಬೇನೆ ಅವಳ ಕಣ್ಣಿಗೆ ಬೀಳುವ ಸಂಭವ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ.

ಈ ಅಂಕೆಗಳ ಅರ್ಥವೇನು? ಅನುಭವದಿಂದಲೇ ಕಲಿಯುವೆನೆಂದು ಕುಳಿತರೆ ಹಳ್ಳಿಯಲ್ಲಿ ಯಾರೊಬ್ಬರೂ ಈ ಬೇನೆಯನ್ನು ಗುರುತಿಸಲು ಕಲಿಯುವಂತಿಲ್ಲ. ಒಬ್ಬ ವೈದ್ಯ ಎಷ್ಟೇ ಜಾಣನಾಗಿರಲಿ, ಅವನ ಎದುರಿಗೆ ಇದು ಬರುವುದು ಒಮ್ಮೆ. ಬಂದಾಗಲೂ ಸಾವಿರಾರು ನಿರಪಾಯವಾದ ಕಾಮಣಿಗಳ ವೇಷದಲ್ಲಿಯೇ ಬರುತ್ತದೆ. ಮಗು ಮೊದಮೊದಲು ಗುಂಡುಗುಂಡಾಗಿ, ಚೆನ್ನಾಗಿ ಹಾಲು ಕುಡಿಯುತ್ತ ಇರುವುದರಿಂದ ಯಾರಿಗೂ ಸಂಶಯವೇ ಹುಟ್ಟುವುದಿಲ್ಲ. ಆದಕಾರಣ ಈ ಜ್ಞಾನವು ಒಬ್ಬರ ತಲೆಯಲ್ಲಿದ್ದರೆ ಪ್ರಯೋಜನವಿಲ್ಲ. ಹಲವರ ನಡುವಣ ಏರ್ಪಾಟಿನಲ್ಲಿ ಇರಬೇಕು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಈಗಿನ ಸ್ಥಿತಿಯಲ್ಲಿ ದಿನಗಳು ಎಲ್ಲೆಲ್ಲಿ ಸೋರಿಹೋಗಬಹುದೆಂಬುದನ್ನು ವಿಚಾರಿಸಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಸಂಪ್ರದಾಯ. ಕಲಘಟಗಿಯ ಕಡೆಗೆ ಕೊಟ್ಟ ಮಗಳು ಹೆರಿಗೆಗೆ ನವಲಗುಂದದ ಕಡೆಯ ತವರಿಗೆ ಬರುತ್ತಾಳೆ. ಬಸುರಿಯಾಗಿದ್ದಾಗ ಅವಳನ್ನು ನೋಡಿದ ಆಶಾ ಕಾರ್ಯಕರ್ತೆ ಒಬ್ಬಳು, ಬಾಣಂತನದಲ್ಲಿ ನೋಡುವವಳು ಇನ್ನೊಬ್ಬಳು. ಇಬ್ಬರಿಗೂ ಪರಸ್ಪರ ಪರಿಚಯವಿರುವುದಿಲ್ಲ. ಬಾಣಂತಿಯ ಕೋಣೆಯಲ್ಲಿ ಗಾಳಿ ತಾಗದಂತೆ ಕಿಟಕಿ ಮುಚ್ಚಿರುತ್ತದೆ. ಆ ಮಂದ ಬೆಳಕಿನಲ್ಲಿ ಕೂಸಿನ ಕಣ್ಣಿನ ಹಳದಿಯಾಗಲಿ ಮಲದ ಬಣ್ಣವಾಗಲಿ ಸರಿಯಾಗಿ ತಿಳಿಯುವುದಿಲ್ಲ. ಹಳದಿ ಕಂಡರೂ ಎಳೆಬಿಸಿಲಿಗೆ ಹಿಡಿಯಿರಿ, ಹೋಗುತ್ತದೆ ಎನ್ನುತ್ತಾರೆ. ಒಂದು ವಾರ ಕಳೆಯಿತು. ಕಾಮಣಿಗೆ ಬೇರು-ಸೊಪ್ಪಿನ ಔಷಧ ಕೊಡುವವರ ಕಡೆ ಮತ್ತೊಂದು ವಾರ. ಹೊಟ್ಟೆ ಉಬ್ಬಿತೆಂದು ಕೆಲವರು ಕೂಸಿಗೆ ಬರೆ ಹಾಕಿಸುವುದೂ ಉಂಟು. ಆ ಕ್ರೂರ ಪದ್ಧತಿಯಿಂದ ಗಾಯವಲ್ಲದೆ ಬೇರೇನೂ ದೊರೆಯದು. ಕೊನೆಗೆ ಆಸ್ಪತ್ರೆಗೆ ಹೋದರೆ ಬಿಲಿರುಬಿನ್ ಪರೀಕ್ಷೆಯೇನೋ ಆಗುತ್ತದೆ. ಆದರೆ ಅದರಲ್ಲಿ ಯಕೃತ್ತು ಸಂಸ್ಕರಿಸಿದ ಭಾಗ, ಅಂದರೆ ಡೈರೆಕ್ಟ್ ಬಿಲಿರುಬಿನ್ ಎಷ್ಟು ಎಂಬುದನ್ನು ಬೇರೆಯಾಗಿ ಅಳೆಯದಿದ್ದರೆ ಪರೀಕ್ಷೆ ಮಾಡಿಯೂ ಮಾಡದಂತೆಯೇ ಸರಿ. ದೊಡ್ಡ ಆಸ್ಪತ್ರೆಗೆ ಕಳುಹಿಸೋಣವೆಂದರೆ ನಿರ್ಧಾರ ಮಾಡಬೇಕಾದವರು ಗಂಡನ ಮನೆಯವರು. ಅವರಿಗೆ ಸುದ್ದಿ ಹೋಗಬೇಕು, ಅವರು ಬರಬೇಕು. ಮಳೆಗಾಲವಾದರೆ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ತುಂಬಿ ಎರಿಹೊಲದ ದಾರಿಗಳು ಕಟ್ಟಿಹೋಗುತ್ತವೆ. ಇಲ್ಲಿ ಯಾರೂ ದುಷ್ಟರಲ್ಲ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಕೂಸಿನ ಹಿತವನ್ನೇ ಬಯಸಿದ್ದಾರೆ. ಆದರೂ ಎಲ್ಲರೂ ಸೇರಿ ಅರವತ್ತು ದಿನಗಳನ್ನು ಕಳೆದುಬಿಟ್ಟಿದ್ದಾರೆ.

ಸೋಜಿಗದ ಸಂಗತಿಯೆಂದರೆ, ಈ ದಿನಗಳನ್ನು ಉಳಿಸಲು ಬೇಕಾದ ದಿನಚರಿ ಆಗಲೇ ಸಿದ್ಧವಾಗಿದೆ. 2011ರಿಂದ ನಡೆದುಬಂದಿರುವ ಮನೆಯ ಮಟ್ಟದ ನವಜಾತ ಶಿಶು ಆರೈಕೆಯ ಯೋಜನೆಯಂತೆ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಹೋಗಿ ನೋಡಬೇಕು. ಆರನೆಯ ವಾರಕ್ಕೆ ಲಸಿಕೆ ಹಾಕಿಸಲು ಕೂಸನ್ನು ಕರೆತರುತ್ತಾರೆ. ಈ ದಿನಗಳನ್ನು ಅರವತ್ತರ ಪಕ್ಕದಲ್ಲಿ ಬರೆದು ನೋಡಿ: ಹದಿನಾಲ್ಕನೆಯ ದಿನದ ಭೇಟಿ, ಕಾಮಣಿ ಇಳಿದಿರಬೇಕಾದ ದಿನ. ಇಪ್ಪತ್ತೆಂಟನೆಯ ದಿನಕ್ಕೂ ಹಳದಿ ಉಳಿದಿದ್ದರೆ ಇನ್ನೂ ಮೂವತ್ತೆರಡು ದಿನ ಕೈಯಲ್ಲಿವೆ. ನಲವತ್ತೆರಡನೆಯ ದಿನದ ಲಸಿಕೆಗೆ ಬಂದಾಗ ತಿಳಿದರೂ ಹದಿನೆಂಟು ದಿನ ಉಳಿದಿರುತ್ತವೆ. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಪ್ರತಿ ಭೇಟಿಯಲ್ಲಿಯೂ ಕೂಸನ್ನು ಹಗಲು ಬೆಳಕಿಗೆ ತಂದು ಕಣ್ಣನ್ನು ನೋಡುವುದು, ಮಲದ ಬಣ್ಣವನ್ನು ಕೇಳದೆ ಕಣ್ಣಾರೆ ನೋಡುವುದು, ಮೂತ್ರ ಬಟ್ಟೆಗೆ ಹಳದಿ ಕಲೆ ಹಚ್ಚುತ್ತದೆಯೇ ಎಂದು ವಿಚಾರಿಸುವುದು, ಇಷ್ಟೇ ಸಾಕು. ಎಳೆಗೂಸಿನ ಮೂತ್ರಕ್ಕೆ ಸಾಮಾನ್ಯವಾಗಿ ಬಣ್ಣವಿರುವುದಿಲ್ಲ, ಮಲ ಹಳದಿಯಾಗಿರುತ್ತದೆ. ಮಲವು ಸುಣ್ಣದಂತೆ ಅಥವಾ ಜೇಡಿಮಣ್ಣಿನಂತೆ ಬಿಳುಪಾಗಿದ್ದು ಮೂತ್ರ ಹಳದಿಯಾಗಿದ್ದರೆ ಪಿತ್ತವು ಕರುಳಿಗೆ ಇಳಿಯುತ್ತಿಲ್ಲವೆಂದೇ ಸಂಶಯಪಡಬೇಕು.

ಬಣ್ಣವೆಂಬುದು ಒಬ್ಬೊಬ್ಬರ ಕಣ್ಣಿಗೆ ಒಂದೊಂದು ತೆರನಾಗಿ ಕಾಣುತ್ತದೆಯೆಂಬ ಆಕ್ಷೇಪ ಬರಬಹುದು. ಇದಕ್ಕೂ ಪರಿಹಾರವುಂಟು. ಜಪಾನಿನ ಅಕಿರಾ ಮತ್ಸುಯಿ ಎಂಬ ವೈದ್ಯರು ಮಲದ ಬಣ್ಣಗಳನ್ನು ಅಚ್ಚುಮಾಡಿದ ಒಂದು ಪಟ್ಟಿಯನ್ನು ತಯಾರಿಸಿ 1994ರಲ್ಲಿ ತೊಚಿಗಿ ಪ್ರಾಂತದ ತಾಯಂದಿರಿಗೆ ಹಂಚಿಸಿದರು. ತಾಯಿ ಮಗುವಿನ ಮಲವನ್ನು ಪಟ್ಟಿಯೊಡನೆ ಹೋಲಿಸಿ ಗುರುತು ಹಾಕಿದರೆ ಮುಗಿಯಿತು. ತೈವಾನ್ ದೇಶವು 2004ರಲ್ಲಿ ಇದನ್ನು ನಾಡಿಗೆಲ್ಲ ಅನ್ವಯಿಸಿತು. ಅರವತ್ತು ದಿನಗಳೊಳಗೆ ಕಸಾಯ್ ಶಸ್ತ್ರಕ್ರಿಯೆ ಪಡೆದ ಮಕ್ಕಳು ಅಲ್ಲಿ 2004ರಲ್ಲಿ ನೂರಕ್ಕೆ 60 ಇದ್ದದ್ದು ಮರುವರ್ಷವೇ 74ಕ್ಕೆ ಏರಿತು. 2012ರಲ್ಲಿ ಜಪಾನು ಈ ಪಟ್ಟಿಯನ್ನು ತಾಯಿ-ಮಗುವಿನ ಕೈಪಿಡಿಯಲ್ಲಿಯೇ ಸೇರಿಸಿತು. ನಮ್ಮ ಪ್ರತಿಯೊಬ್ಬ ತಾಯಿಯ ಕೈಗೂ ಇಂಥ ಪಟ್ಟಿ ತಲುಪಬೇಕು. ಕೂಸಿನ ಬಟ್ಟೆ ಒಗೆಯುವ ಅಜ್ಜಿಯ ಕೈಗೂ ಅದು ಸಿಗಬೇಕು. ನಿಜ ನೋಡಿದರೆ ಈ ಬೇನೆಯನ್ನು ಎಲ್ಲರಿಗಿಂತ ಮೊದಲು ಕಾಣುವವಳು ಅವಳೇ. ಅವಳು ಕಂಡದ್ದನ್ನು ಆಶಾ ಕಾರ್ಯಕರ್ತೆ ತನ್ನ ಫೋನಿನಲ್ಲಿ ಛಾಯಾಚಿತ್ರ ತೆಗೆದು ವೈದ್ಯರಿಗೆ ಕಳುಹಿಸಲು ಕ್ಷಣಮಾತ್ರ ಸಾಕು.

ಇನ್ನೊಂದು ಮಾತನ್ನು ಕೆಲವರು ಹೇಳುವುದುಂಟು: ಇಷ್ಟೆಲ್ಲ ಏರ್ಪಾಟು ಏಕೆ, ಪ್ರತಿ ತಾಲೂಕಿಗೂ ಒಬ್ಬ ಮಕ್ಕಳ ಯಕೃತ್ತಿನ ತಜ್ಞನನ್ನು ನೇಮಿಸಿದರೆ ಸಾಲದೆ? ಇದು ಕೈಗುಣದ ನಂಬಿಕೆಯ ಹೊಸ ರೂಪವೇ ಸರಿ. ತಾಲೂಕಿನಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಇಂಥ ಒಂದು ಕೂಸು ಬಂದರೆ ಆ ತಜ್ಞನ ಕೈ ಪಳಗುವುದಾದರೂ ಹೇಗೆ? ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿ, ಅನೇಕ ಆಸ್ಪತ್ರೆಗಳಲ್ಲಿ ಚದುರಿದ್ದ ಈ ಶಸ್ತ್ರಕ್ರಿಯೆಯನ್ನು 1999ರಿಂದ ಲಂಡನ್, ಬರ್ಮಿಂಗ್‌ಹ್ಯಾಮ್, ಲೀಡ್ಸ್ ಎಂಬ ಮೂರೇ ಕಡೆಗಳಿಗೆ ಸೀಮಿತಗೊಳಿಸಿದರು. ಒಂದೇ ಕಡೆ ಹೆಚ್ಚು ಮಕ್ಕಳನ್ನು ನೋಡುವ ಶಸ್ತ್ರವೈದ್ಯ, ಅರಿವಳಿಕೆ ನೀಡುವವರು, ದಾದಿಯರು, ಕ್ಷ-ಕಿರಣ ತಜ್ಞರು ಎಲ್ಲರೂ ಕೂಡಿಯೇ ನಿಪುಣರಾಗುತ್ತಾರೆ. ಆದುದರಿಂದ ಶಸ್ತ್ರಕ್ರಿಯೆ ಕೆಲವೇ ಕಡೆ ನಡೆಯಲಿ, ಎಚ್ಚರ ಮಾತ್ರ ಪ್ರತಿ ಹಳ್ಳಿಯಲ್ಲಿಯೂ ಇರಲಿ ಎಂಬುದು ನಮ್ಮ ಅಭಿಪ್ರಾಯ. 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಹುಬ್ಬಳ್ಳಿ ಈ ನಾಲ್ಕು ತಾಲೂಕು ಸ್ಥಳಗಳಿಂದಲೂ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ಅಲ್ಲಿಂದ ಬೇಕಾದರೆ ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ನೆಲದ ಮೇಲಿನ ದೂರ ಅಷ್ಟೇನೂ ದೊಡ್ಡದಲ್ಲ. ಒಬ್ಬರಿಂದ ಒಬ್ಬರಿಗೆ ಮಾತು ತಲುಪದಿರುವ ದೂರವೇ ದೊಡ್ಡದು.

ಮಾತು ಎರಡೂ ಕಡೆ ನಡೆಯಬೇಕೆಂಬುದನ್ನು ಮರೆಯಬಾರದು. ಹಳ್ಳಿಯಿಂದ ನಗರಕ್ಕೆ ಕೂಸನ್ನು ಕಳುಹಿಸುವ ಚೀಟಿಯಲ್ಲಿ ಹುಟ್ಟಿದ ದಿನಾಂಕ, ಇಂದಿಗೆ ಎಷ್ಟನೆಯ ದಿನ, ಮಲದ ಬಣ್ಣ, ಡೈರೆಕ್ಟ್ ಬಿಲಿರುಬಿನ್ ಎಷ್ಟು, ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದೆಯೇ ಎಂಬ ಐದು ಸಂಗತಿಗಳಿರಬೇಕು. ಪಿತ್ತವಿಲ್ಲದೆ ಕೊಬ್ಬು ಜೀರ್ಣವಾಗದು. ಕೊಬ್ಬಿನಲ್ಲಿ ಕರಗುವ ವಿಟಮಿನ್ ಕೆ ಮೈಗೆ ಸೇರದೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಮಗು ದಾರಿಯಲ್ಲಿಯೇ ಅಪಾಯಕ್ಕೆ ಸಿಕ್ಕುವುದುಂಟು. ಅದೇ ರೀತಿ ನಗರದ ಆಸ್ಪತ್ರೆಯಿಂದ ಮಗು ಮರಳುವಾಗ ಹಳ್ಳಿಯ ವೈದ್ಯನಿಗೆ ಸ್ಪಷ್ಟವಾದ ಪತ್ರ ಬರಬೇಕು. ಕಸಾಯ್ ಕ್ರಿಯೆಯಾದ ಮಗುವಿಗೆ ಜ್ವರ ಬಂದರೆ ಅದನ್ನು ಸಾಮಾನ್ಯ ಜ್ವರವೆಂದು ಬಿಡಕೂಡದು. ಕರುಳಿನ ಕ್ರಿಮಿಗಳು ಮೇಲೇರಿ ಯಕೃತ್ತಿನ ನಾಳಗಳಲ್ಲಿ ಸೋಂಕು ಹಬ್ಬಿಸಿರಬಹುದು. ಅಂದೇ ಔಷಧ ಆರಂಭಿಸಬೇಕು. ಈ ಒಂದು ಸಾಲು ಪತ್ರದಲ್ಲಿಲ್ಲದೆ ಹೋದರೆ ನಿಪುಣನಾದ ಶಸ್ತ್ರವೈದ್ಯನ ಶ್ರಮವೆಲ್ಲ ಕುಂದಗೋಳದ ಒಂದು ಹಳ್ಳಿಯಲ್ಲಿ ಎರಡು ದಿನಗಳಲ್ಲಿ ವ್ಯರ್ಥವಾಗಬಲ್ಲುದು.

ಆಹಾರದ ವಿಷಯದಲ್ಲಿಯೂ ಹೀಗೆಯೇ. ಪಿತ್ತ ಕಡಿಮೆಯಿದ್ದಾಗಲೂ ಸ್ವಲ್ಪಮಟ್ಟಿಗೆ ಜೀರ್ಣವಾಗುವ ಮಧ್ಯಮ ಸರಪಣಿಯ ಕೊಬ್ಬುಗಳು ತೆಂಗಿನ ಎಣ್ಣೆಯಲ್ಲಿ ಒಂದು ಪಾಲು ಇರುವುದರಿಂದ, ಇಂಥ ಮಕ್ಕಳಿಗೆ ಆಹಾರತಜ್ಞರು ಅದನ್ನು ಹೇಳುವುದುಂಟು. ಆದರೆ ಕುಸುಬಿ, ಶೇಂಗಾ ಎಣ್ಣೆಯಲ್ಲಿ ಅಡಿಗೆ ಮಾಡುವ ನಮ್ಮ ಸೀಮೆಯಲ್ಲಿ ಕೊಬ್ಬರಿ ಎಣ್ಣೆಯೆಂದರೆ ತಲೆಗೆ ಹಚ್ಚುವುದು. ಬೆಂಗಳೂರಿನಲ್ಲಿ ಬರೆದ ಚೀಟಿಯನ್ನು ಓದಿ ತಾಯಿ ಅದನ್ನು ಮಗುವಿನ ತಲೆಗೇ ಹಚ್ಚಿದರೆ ತಪ್ಪು ಅವಳದಲ್ಲ. ಅಡಿಗೆಮನೆಯನ್ನು ಬಲ್ಲ ಅಂಗನವಾಡಿ ಕಾರ್ಯಕರ್ತೆಗೆ ಆ ಚೀಟಿಯ ಅರ್ಥವನ್ನು ಮೊದಲು ತಿಳಿಸಬೇಕು. ಅವಳು ಅದನ್ನು ಮನೆಯ ಭಾಷೆಗೆ ತಂದು ಹೇಳಿಯಾಳು.

ಅಪರೂಪದ ಬೇನೆಯ ಮಾತಾಯಿತು. ಸಾಮಾನ್ಯವಾದ ಬೇನೆಯಲ್ಲಿ, ಅಂದರೆ ಮಕ್ಕಳ ವಾಂತಿಭೇದಿಯಲ್ಲಿ, ಸಹಕಾರದ ರೀತಿ ಬೇರೆ. ನವಲಗುಂದ-ಅಣ್ಣಿಗೇರಿಯ ಎರಿಸೀಮೆಯಲ್ಲಿ ಅಂತರ್ಜಲ ಸವುಳಾದುದರಿಂದ ಅನೇಕ ಹಳ್ಳಿಗಳು ಮಲಪ್ರಭೆಯ ಕಾಲುವೆಯಿಂದ ತುಂಬಿಸಿದ ಕೆರೆಯ ನೀರನ್ನೇ ಕುಡಿಯುತ್ತ ಬಂದಿವೆ. ಹೀಗಾಗಿ ಇಲ್ಲಿ ಕೆರೆಯ ನೀರನ್ನು ಶುದ್ಧಗೊಳಿಸುವವನೂ ಮಕ್ಕಳ ವೈದ್ಯನ ಸಹೋದ್ಯೋಗಿಯೇ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ದಿಲೀಪ್ ಮಹಾಲನಬೀಸ್ ಎಂಬ ಮಕ್ಕಳ ವೈದ್ಯರು, ರಕ್ತನಾಳಕ್ಕೆ ಕೊಡುವ ದ್ರವ ತೀರಿಹೋಗಲು, ಉಪ್ಪು-ಗ್ಲೂಕೋಸುಗಳ ಪೊಟ್ಟಣಗಳನ್ನು ಕಟ್ಟಿಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಗ್ಲೂಕೋಸಿನೊಡನೆ ಸೋಡಿಯಮ್ಮೂ ಕರುಳಿನ ಗೋಡೆಯನ್ನು ದಾಟುತ್ತದೆ, ಅವುಗಳ ಹಿಂದೆ ನೀರೂ ದಾಟುತ್ತದೆ ಎಂಬ ತತ್ತ್ವವು ಪ್ರಯೋಗಶಾಲೆಯಲ್ಲಿ ಮೊದಲೇ ತಿಳಿದಿತ್ತು. ಅದು ಜೀವ ಉಳಿಸಿದ್ದು ತಾಯಿ-ತಂಗಿಯರ ಕೈಗೆ ಬಂದ ಮೇಲೆ. ಪಿತ್ತನಾಳದ ಬೇನೆಯಲ್ಲಿ ಹಳ್ಳಿಯ ಕಣ್ಣು ಕಂಡದ್ದು ಬೇಗ ಮೇಲಕ್ಕೆ ಹೋಗಬೇಕು. ಭೇದಿಯಲ್ಲಿ ಮೇಲಿನವರ ಅರಿವು ಬೇಗ ಹಳ್ಳಿಗೆ ಇಳಿಯಬೇಕು. ದಾರಿ ಒಂದೇ, ಅದನ್ನು ತೆರೆದಿಡಬೇಕು.

ಹಲವರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ ಎಂಬ ಹಳೆಯ ಆಕ್ಷೇಪವೊಂದುಂಟು. ಇದು ನಿಜವಾದ ಆಕ್ಷೇಪ, ಇದನ್ನು ತಳ್ಳಿಹಾಕಲಾಗದು. ಆದಕಾರಣ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಒಬ್ಬರನ್ನು, ಅವರು ದಾದಿಯೇ ಆಗಿರಲಿ, ಇಂಥ ಮಕ್ಕಳ ದಿನಗಳನ್ನು ಎಣಿಸುವವರೆಂದು ಗೊತ್ತುಮಾಡಬೇಕು. ಎರಡು ವಾರ ದಾಟಿದ ಪ್ರತಿ ಕಾಮಣಿಯ ಕೂಸಿನ ಹೆಸರು ಅವರ ಪುಸ್ತಕದಲ್ಲಿರಬೇಕು. ಪರೀಕ್ಷೆ ಆಯಿತೇ, ಕೂಸು ಹುಬ್ಬಳ್ಳಿಗೆ ಮುಟ್ಟಿತೇ, ಅಲ್ಲಿಂದ ಪತ್ರ ಬಂದಿತೇ ಎಂದು ಕೇಳುವ ಅಧಿಕಾರ ಅವರಿಗಿರಬೇಕು. ಇನ್ನು, ಸುಮ್ಮನೆ ಅನೇಕ ಆರೋಗ್ಯವಂತ ಕೂಸುಗಳಿಗೆ ಪರೀಕ್ಷೆಯಾದೀತು ಎಂಬುದು ಮತ್ತೊಂದು ಆಕ್ಷೇಪ. ಆಗಲಿ. ಕೆಲವು ಹನಿ ರಕ್ತ ಒಂದು ಕಡೆ, ಒಂದು ಜೀವ ಇನ್ನೊಂದು ಕಡೆ ಇರುವಾಗ ತಕ್ಕಡಿ ಎತ್ತ ವಾಲುವುದೆಂಬುದನ್ನು ಹೇಳಬೇಕಾಗಿಲ್ಲ.

ನಮ್ಮ ದೃಷ್ಟಿಯಲ್ಲಿ ಇದೆಲ್ಲಕ್ಕಿಂತ ಕಠಿಣವಾದ ಅಡಚಣೆ ಬೇರೆ. ಅದು ಮೇಲು-ಕೀಳಿನ ಭಾವನೆ. ಮಲ ಬೆಳ್ಳಗಿದೆ ಎಂದು ಆಶಾ ಕಾರ್ಯಕರ್ತೆ ಹೇಳಿದರೆ, ಅಷ್ಟು ನಿನಗೇನು ತಿಳಿಯುತ್ತದೆ ಎಂದು ಗದರಿಸುವ ವೈದ್ಯನಿರುವವರೆಗೆ ಯಾವ ಪಟ್ಟಿಯೂ ಫಲ ಕೊಡದು. ಒಮ್ಮೆ ಗದರಿಸಿಕೊಂಡವಳು ಮುಂದಿನ ಸಲ ಹೇಳುವುದಿಲ್ಲ. ಹಾಗೆಯೇ ಹಳ್ಳಿಯ ವೈದ್ಯನ ಚೀಟಿಯನ್ನು ಓದದೆ ಮಡಚಿಡುವ ದೊಡ್ಡ ಆಸ್ಪತ್ರೆಯ ವೈದ್ಯನೂ ಅದೇ ತಪ್ಪನ್ನು ಮಾಡುತ್ತಾನೆ. ವಿಜ್ಞಾನದಲ್ಲಿ ಮಾತಿನ ಬೆಲೆ ಹೇಳಿದವರ ಪದವಿಯಿಂದ ನಿರ್ಧಾರವಾಗುವುದಿಲ್ಲ, ಕಂಡದ್ದು ನಿಜವೇ ಎಂಬುದರಿಂದ ಆಗುತ್ತದೆ. ಹಿತ್ತಾಳೆಯ ಪಾತ್ರೆಯ ಸುದ್ದಿಯನ್ನು ಹೇಳಿದವರು ತಾಯಂದಿರು, ಕೇಳಿಸಿಕೊಂಡವರು ತಜ್ಞರು.

ಈ ಪುಟಗಳನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಕೆಲವರು ದಾದಿಯರು, ಔಷಧ ವ್ಯಾಪಾರಿಗಳು, ಪ್ರಯೋಗಶಾಲೆಯ ಕೆಲಸಗಾರರು, ಶಿಕ್ಷಕರು ಆಗುವಿರಿ. ಯಾವುದೇ ಆದರೂ ಈ ಸರಪಣಿಯ ಒಂದು ಕೊಂಡಿ ನಿಮ್ಮ ಕೈಯಲ್ಲಿರುತ್ತದೆ. ಅದಕ್ಕಾಗಿ ಪದವಿ ದೊರೆಯುವವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ಮನೆಯಲ್ಲಿಯೋ ಓಣಿಯಲ್ಲಿಯೋ ಕೂಸು ಹುಟ್ಟಿದರೆ, ಹದಿನೈದನೆಯ ದಿನ ಒಮ್ಮೆ ಬಾಣಂತಿಯ ಕೋಣೆಯ ಕಿಟಕಿಯನ್ನು ತೆರೆಯಿಸಿ. ಕೂಸಿನ ಕಣ್ಣು ಬಿಳಿಯಾಗಿದೆಯೇ, ಮಲ ಹಳದಿಯಾಗಿದೆಯೇ ಎಂದು ಅಜ್ಜಿಯನ್ನು ಕೇಳಿ. ಉತ್ತರ ತಿರುವುಮುರುವಾಗಿದ್ದರೆ ಅಂದೇ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ತಿಳಿಸಿ, ಬರಿಯ ಬಿಲಿರುಬಿನ್ ಸಾಲದು, ಡೈರೆಕ್ಟ್ ಬಿಲಿರುಬಿನ್ ಪರೀಕ್ಷೆಯೂ ಆಗಬೇಕೆಂದು ನೆನಪುಮಾಡಿ.